37ನೇ ವಯಸ್ಸಲ್ಲಿ ನೋ-ಗಿ ಗ್ರಾಪ್ಲಿಂಗ್ ಕ್ಲಾಸಿಗೆ ಸೇರಬಹುದಾ? ಗರಡಿ ಅಭ್ಯಾಸ ಇದ್ದವರಿಗೆ ಅನುಕೂಲವಾ?

ಬ್ಯಾಡಗಿ ಮೆಣಸು:

ನಮಸ್ಕಾರ. ಊರು ಹಾವೇರಿ ಕಡೆ, ಈಗ ಇರೋದು ಬೆಂಗಳೂರಿನ ನಾಗರಬಾವಿಯಲ್ಲಿ. ವಯಸ್ಸು 37, ತೂಕ 84 ಕೆಜಿ. ಕೆಲಸ ಪೂರ್ತಿ ಕುರ್ಚಿ ಮೇಲೆ.

ಮನೆ ಹತ್ತಿರದ ಜಿಮ್ಮಿನವರು ಎರಡನೇ ಮಹಡಿಗೆ ಮ್ಯಾಟ್ ಹಾಸಿ ನೋ-ಗಿ ಗ್ರಾಪ್ಲಿಂಗ್ ಕ್ಲಾಸ್ ಶುರು ಮಾಡಿದ್ದಾರೆ. ಜೂಡೋದವರ ಹಾಗೆ ದಪ್ಪ ಬಿಳಿ ಅಂಗಿ, ಅಂದರೆ ಗಿ, ಇಲ್ಲ. ಮೈಗಂಟಿದ ಟೀ ಶರ್ಟು, ಚಡ್ಡಿ, ಅಷ್ಟೇ. ಹೊಡೆಯೋದು ಒದೆಯೋದು ಏನೂ ಇಲ್ಲ. ಹಿಡಿದು, ಕೆಡವಿ, ಕೈ ತಿರುವಿ ಇಲ್ಲವೇ ಕತ್ತು ಅಮುಕಿ ಎದುರಾಳಿ ಸೋತೆ ಅನ್ನೋ ತನಕ ಬಿಡಬಾರದು. ವಾರಕ್ಕೆ ಮೂರು ಸಂಜೆ, ತಿಂಗಳಿಗೆ ನಾಲ್ಕು ಸಾವಿರ. ಸೇರೋ ಮುಂಚೆ ಕೂತು ನೋಡೋಣ ಅಂತ ಹೋಗಿದ್ದೆ.

ನೋಡಿ ತಲೆ ಕೆಟ್ಟಿತು. ನಮ್ಮ ಕಾಕಾ ಪೈಲ್ವಾನರು. ನಾನು ಹೈಸ್ಕೂಲು ಮುಗಿಸೋ ತನಕ ನಸುಕಿನಲ್ಲೇ ಎಬ್ಬಿಸಿ ಗರಡಿ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಮಣ್ಣು ಅಗೆಯೋದು, ಬಸ್ಕಿ, ದಂಡ, ಆಮೇಲೆ ಜೋಡಿ. ಏನೇ ಆಗಲಿ ಬೆನ್ನು ಮಣ್ಣಿಗೆ ತಾಗಬಾರದು, ಅದೇ ಮೊದಲ ಪಾಠ. ಇಲ್ಲಿ ನೋಡಿದರೆ ಒಬ್ಬ ಸಣಕಲ ಹುಡುಗ ಕೈ ತಾಕಿಸಿದ ತಕ್ಷಣ ತಾನೇ ಕೂತು, ತಾನೇ ಅಂಗಾತ ಮಲಗಿ, ಎರಡೂ ಕಾಲು ಮೇಲೆತ್ತಿ ಕಾಯುತ್ತಿದ್ದ. ಎದುರಿಗಿದ್ದವನು ಅವನಿಗಿಂತ ಗಟ್ಟಿ ಆಳು. ಸ್ವಲ್ಪ ಹೊತ್ತಿಗೆ ಆ ಗಟ್ಟಿ ಆಳೇ ಹುಡುಗನ ತೊಡೆಗಳ ನಡುವೆ ಕತ್ತು ಸಿಕ್ಕಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಮ್ಯಾಟ್ ತಟ್ಟಿದ.

ಫೋನಿನಲ್ಲಿ ಕಾಕಾಗೆ ಹೇಳಿದೆ. "ಬೆನ್ನ ಹತ್ತಿದ ಮ್ಯಾಲೆ ಇನ್ನೇನೈತಲೇ? ಅಲ್ಲಿಗೆ ಕುಸ್ತಿ ಮುಗೀತು, ಮನಿಗೆ ಹೋಗೂದಷ್ಟ" ಅಂದರು. ಹೆಂಡತಿಯದು ಬೇರೆ ರಾಗ. "ಕತ್ತು ಹಿಸುಕಿಸಿಕೊಳ್ಳೋಕೆ ನಾಲ್ಕು ಸಾವಿರ ಯಾಕೆ, ನಾನೇ ಫ್ರೀ ಆಗಿ ಹಿಸುಕುತ್ತೀನಿ" ಅಂತಾಳೆ.

ಹೇಳಿ, ಹಳೇ ಗರಡಿ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತಾ, ಇಲ್ಲ ಎಲ್ಲಾ ಮರೆತು ಹೊಸದಾಗಿ ಕಲೀಬೇಕಾ? ನನ್ನ ವಯಸ್ಸಿಗೆ ಕತ್ತು, ಮಂಡಿ ತಡೆಯುತ್ತಾ? ಕನ್ನಡಕ ಬೇರೆ ಹಾಕುತ್ತೀನಿ.

ಮುರುಕು ಕಿವಿ:

ಸೇರಿಕೊಳ್ಳಿ ಸರ್. ನಾನು ದಾವಣಗೆರೆಯವನು. ಮಣ್ಣಿನಲ್ಲೂ ಆಡಿದ್ದೀನಿ, ಮ್ಯಾಟ್ ಮೇಲೂ ಆಡಿದ್ದೀನಿ. ಈಗ ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ನೋ-ಗಿ ಮಾತ್ರ.

ನಿಂತಿರೋ ತನಕ ನಿಮ್ಮದೇ ರಾಜ್ಯ. ಕೈಗೆ ಕೈ ಕೊಟ್ಟು ಹಿಡಿತಕ್ಕೆ ಕಿತ್ತಾಡೋದು, ಕಂಕುಳ ಕೆಳಗೆ ಕೈ ತೂರಿಸೋದು, ಎದುರಿನವನ ಭಾರ ಯಾವ ಕಾಲ ಮೇಲಿದೆ ಅಂತ ಕಣ್ಣು ಮುಚ್ಚಿಕೊಂಡೇ ಗೊತ್ತಾಗೋದು, ಇದನ್ನೆಲ್ಲ ಜಿಮ್ಮಿನ ಹುಡುಗರು ವರ್ಷಗಟ್ಟಲೆ ಕಲಿಯುತ್ತಾರೆ. ನಿಮಗೆ ಮೈಯಲ್ಲೇ ಇರುತ್ತೆ. ಮೊದಲ ವಾರದಲ್ಲೇ ನಾಲ್ಕು ಜನರನ್ನ ಕೆಡವುತ್ತೀರಿ. ತೊಂದರೆ ಶುರುವಾಗೋದು ಆಮೇಲೆ.

ಕೆಳಗೆ ಬಿದ್ದಾಗ ಗರಡಿಯವರು ಏನು ಮಾಡುತ್ತಾರೆ? ಬೆನ್ನು ತಾಗಬಾರದು ಅಂತ ಪಟ್ಟನೆ ಬೋರಲು ತಿರುಗುತ್ತಾರೆ. ಮೊಣಕೈ ಮೊಣಕಾಲು ಊರಿ, ಮಣ್ಣಿಗೆ ಅಂಟಿಕೊಂಡು, ಎದುರಿನವನು ಎಷ್ಟು ಎಳೆದಾಡಿದರೂ ಅಲ್ಲಾಡೋದಿಲ್ಲ. ಕುಸ್ತಿಯಲ್ಲಿ ಅದು ರಕ್ಷಣೆ. ಇಲ್ಲಿ ಅದು ಬೆನ್ನು ಒಪ್ಪಿಸಿದ ಹಾಗೆ. ಅವನು ನಿಮ್ಮ ಬೆನ್ನ ಮೇಲೆ ಹತ್ತುತ್ತಾನೆ, ಎರಡೂ ಹಿಮ್ಮಡಿಯನ್ನ ನಿಮ್ಮ ತೊಡೆಯ ಒಳಗೆ ಸಿಕ್ಕಿಸುತ್ತಾನೆ. ಈಗ ಎದ್ದರೂ ಅವನು ಬೆನ್ನ ಮೇಲೇ, ಉರುಳಿದರೂ ಬೆನ್ನ ಮೇಲೇ. ಆಮೇಲೆ ಒಂದು ಕೈ ಗದ್ದದ ಕೆಳಗೆ ಬರುತ್ತೆ. ನಿಮ್ಮ ಗಂಟಲ ಗಂಟು ಅವನ ಮೊಣಕೈ ಮಡಿಕೆಯೊಳಗೆ ಕೂರುತ್ತೆ, ಒಂದು ಪಕ್ಕಕ್ಕೆ ಅವನ ತೋಳು, ಇನ್ನೊಂದು ಪಕ್ಕಕ್ಕೆ ಮುಂಗೈ. ಆ ಕೈ ತನ್ನದೇ ಇನ್ನೊಂದು ತೋಳನ್ನ ಹಿಡಿಯುತ್ತೆ, ಇನ್ನೊಂದು ಅಂಗೈ ನಿಮ್ಮ ತಲೆ ಹಿಂದೆ ಹೋಗುತ್ತೆ. ಉಸಿರು ಆಡುತ್ತಲೇ ಇರುತ್ತೆ, ನೋವೂ ಅಷ್ಟೇನಿಲ್ಲ, ಅದಕ್ಕೇ ಹೊಸಬರು ಮೋಸ ಹೋಗೋದು. ಕತ್ತಿನ ಎರಡೂ ಪಕ್ಕದ ರಕ್ತನಾಳ ಒತ್ತಿರುತ್ತೆ. ಕಿವಿಯಲ್ಲಿ ಗುಂಯ್ ಅನ್ನುತ್ತೆ, ಟ್ಯೂಬ್‌ಲೈಟು ದೂರ ಹೋದ ಹಾಗೆ ಕಾಣುತ್ತೆ. ಸರಿಯಾಗಿ ಕೂತರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತೆ. ಅದಕ್ಕೂ ಮುಂಚೆ ಎರಡು ಸಲ ತಟ್ಟಿ. ತಟ್ಟಿದ ಕ್ಷಣವೇ ಅವನು ಬಿಡಬೇಕು, ಅದು ಇಲ್ಲಿನ ಕಾನೂನು.

ಎರಡನೇದು, ಕಾಲಿಗೆ ನುಗ್ಗುವಾಗ ತಲೆ ತಗ್ಗಿಸೋ ಅಭ್ಯಾಸ. ನೀವು ಅವನ ತೊಡೆ ಹಿಡಿದು ಖುಷಿಯಲ್ಲಿರುತ್ತೀರಿ, ನಿಮ್ಮ ತಲೆ ಅವನ ಪಕ್ಕೆಯ ಹೊರಗಿರುತ್ತೆ. ಅವನು ಕತ್ತಿಗೆ ಕೈ ಸುತ್ತಿ ಹಿಂದಕ್ಕೆ ಕೂತುಬಿಡುತ್ತಾನೆ. ಗಿಲಟಿನ್ ಅಂತಾರೆ. ನೀವು ಕೆಡವಿದ್ದೀರಿ, ಸೋತವರೂ ನೀವೇ. ತಲೆ ಒಳಗಿರಲಿ, ಮುಖ ಮೇಲಿರಲಿ, ಕಿವಿ ಅವನ ಎದೆಗೂಡಿಗೆ ಒತ್ತಿರಲಿ. ಇಷ್ಟನ್ನ ಅಭ್ಯಾಸ ಮಾಡಿದರೆ ಅರ್ಧ ಗಿಲಟಿನ್ ತಪ್ಪುತ್ತೆ.

ಇನ್ನೊಂದು ವಿಷಯ ನಿಮಗೆ ಹೊಸದು ಅನಿಸಬಹುದು. ಗರಡಿಯಲ್ಲಿ ಬೆವರು ಬಂದರೆ ಒಂದು ಹಿಡಿ ಮಣ್ಣು ತಗೊಂಡು ಅವನ ತೋಳಿಗೆ, ಕತ್ತಿಗೆ ಹಚ್ಚಿ ಮತ್ತೆ ಹಿಡಿಯುತ್ತೀವಿ. ಇಲ್ಲಿ ಮಣ್ಣಿಲ್ಲ. ಚಡ್ಡಿ ಹಿಡಿಯೋ ಹಾಗಿಲ್ಲ, ಅಂಗಿ ಹಿಡಿಯೋ ಹಾಗಿಲ್ಲ. ಹತ್ತು ನಿಮಿಷ ಆದಮೇಲೆ ಸೋಪು ಹಚ್ಚಿದ ಮಗು ಹಿಡಿದ ಹಾಗಿರುತ್ತೆ. ಅದಕ್ಕೇ ಮಣಿಕಟ್ಟನ್ನ ಬೆರಳಿನಿಂದ ಹಿಡಿಯೋದಕ್ಕಿಂತ ಕತ್ತು, ಕಂಕುಳು, ಮಂಡಿ ಹಿಂದೆ ತೋಳನ್ನೇ ಕೊಕ್ಕೆ ಮಾಡಿ ಹಾಕೋದು ಕಲಿಸುತ್ತಾರೆ.

ಆ ಸಣಕಲ ಹುಡುಗ ಮಲಗಿದ್ದು ಸೋಮಾರಿತನದಿಂದಲ್ಲ. ಕಾಲು ನಿಮ್ಮಿಬ್ಬರ ನಡುವೆ ಇರೋ ತನಕ ಅವನಿಗೆ ನಾಲ್ಕು ಕೈ ಇದ್ದಂಗೆ. ಅದನ್ನ ಗಾರ್ಡ್ ಅಂತಾರೆ. ಬೆನ್ನು ತಾಗಿದ್ದಕ್ಕೆ ಇಲ್ಲಿ ಪಾಯಿಂಟೇ ಇಲ್ಲ. ಆ ಕಾಲುಗಳನ್ನ ದಾಟಿ ಪಕ್ಕಕ್ಕೆ ಬಂದು ಒತ್ತಿ ಹಿಡಿದರೆ ಪಾಯಿಂಟು. ಆದರೆ ಕಾಕಾಗೆ ಒಂದು ಮಾತು ಹೇಳಿ, ಖುಷಿಪಡುತ್ತಾರೆ. ನೋ-ಗಿಯ ಅತಿ ದೊಡ್ಡ ಪಂದ್ಯ ಎಡಿಸಿಸಿ. 1998ರಲ್ಲಿ ಅಬುಧಾಬಿಯಲ್ಲಿ ಶುರುವಾದದ್ದು. ಅದರಲ್ಲಿ ಪಾಯಿಂಟ್ ಲೆಕ್ಕ ಶುರುವಾದ ಮೇಲೆ ಯಾರಾದರೂ ತಾವಾಗಿಯೇ ಕೂತು ಮಲಗಿದರೆ ಒಂದು ಪಾಯಿಂಟ್ ಕಳೆಯುತ್ತಾರೆ. ಪೂರ್ತಿ ಅಲ್ಲದಿದ್ದರೂ ಕಾಕಾ ಮಾತಿಗೆ ಅಲ್ಲೂ ಸ್ವಲ್ಪ ಬೆಲೆ ಇದೆ.

ಗರಡಿಮನೆ ಮೈಸೂರು:

ನಾನು ಇದನ್ನೆಲ್ಲ ಮಾಡಿದವನಲ್ಲ, ಆದರೂ ಕೇಳುತ್ತೀನಿ. ನಾಲ್ಕು ಸಾವಿರ ಕೊಟ್ಟು ಎರಡನೇ ಮಹಡಿಯಲ್ಲಿ ಏಸಿ ಹಾಕಿಕೊಂಡು ಉರುಳಾಡೋದು ಯಾಕೆ ಸ್ವಾಮಿ? ನಮ್ಮ ಮೈಸೂರಿನಲ್ಲಿ ಇವತ್ತಿಗೂ ಗರಡಿಗಳಿವೆ. ಅರಿಶಿನ, ಎಣ್ಣೆ, ನಿಂಬೆರಸ ಹಾಕಿ ಹದ ಮಾಡಿದ ಕೆಮ್ಮಣ್ಣು. ಒಳಗೆ ಹೋಗುವಾಗ ಹನುಮಪ್ಪನಿಗೆ ಕೈ ಮುಗಿದರೆ ಸಾಕು, ರಸೀದಿ ಬೇಕಿಲ್ಲ. ದಸರಾದಲ್ಲಿ ದೊಡ್ಡಕೆರೆ ಮೈದಾನಕ್ಕೆ ಬನ್ನಿ, ಮಾರ್ಫಿಟ್ ಕುಸ್ತಿ ನೋಡಿ, ಆಮೇಲೆ ಮಾತಾಡೋಣ. ಮಲಗಿಕೊಂಡು ಕಾಲೆತ್ತಿದವನಿಗೆ ಅಲ್ಲಿ ಸಿಳ್ಳೆ ಹೊಡೆಯುತ್ತಾರೆ.

ಮುರುಕು ಕಿವಿ:

ಹೊಡೆಯಲಿ ಬಿಡಿ ಅಣ್ಣಾ, ಸಿಳ್ಳೆಗೆ ಕತ್ತು ನೋಯೋದಿಲ್ಲ. ಗರಡಿ ಬಗ್ಗೆ ನಾನು ಒಂದು ಮಾತೂ ಕಡಿಮೆ ಆಡೋದಿಲ್ಲ, ನನ್ನ ಕಿವಿ ಮುರಿದದ್ದೇ ಅಲ್ಲಿ. ಆದರೆ 37ರ ಆಫೀಸಿನವರಿಗೆ ಬೆಳಗಿನ ಜಾವ ಕಲಿಸೋ ಗರಡಿ ನಾಗರಬಾವಿ ಸುತ್ತ ನಿಮಗೆ ಗೊತ್ತಿದ್ದರೆ ಹೇಳಿ, ನಾನೂ ಬರುತ್ತೀನಿ. ನಿಜವಾಗಲೂ.

ಕುಡ್ಲದ ಪಿಂಕಿ:

ನಾನೂ ಬೆಂಗಳೂರಿನಲ್ಲೇ ನೋ-ಗಿ ಮಾಡುತ್ತೀನಿ. 52 ಕೆಜಿ. ಹಾಗಾಗಿ ಕ್ಲಾಸಿನಲ್ಲಿ ಎಲ್ಲರೂ ನನಗಿಂತ ದೊಡ್ಡವರೇ. ನಿಮ್ಮಂಥ ಹೊಸಬರು, ಅದರಲ್ಲೂ ಕುಸ್ತಿ ಆಡಿದ 84 ಕೆಜಿಯವರು ಬಂದರೆ ಮೊದಲ ತಿಂಗಳು ನಾನು ದೂರ ಇರುತ್ತೀನಿ. ಬೇಜಾರು ಮಾಡಿಕೊಳ್ಳಬೇಡಿ. ಕೆಟ್ಟವರು ಅಂತಲ್ಲ. ಗಾಬರಿಯಾದಾಗ ಇರೋ ಬಲವೆಲ್ಲ ಒಟ್ಟಿಗೆ ಹಾಕಿಬಿಡುತ್ತೀರಿ, ಎದ್ದೇಳೋಕೆ ಹೋಗಿ ಮೊಣಕೈಯನ್ನ ನಮ್ಮ ಮೂಗಿಗೆ ಕೊಡುತ್ತೀರಿ. ಉಸಿರು ಬಿಟ್ಟು, ನಿಧಾನವಾಗಿ, ಅರ್ಧ ಬಲದಲ್ಲಿ ಆಡಿ. ಆಮೇಲೆ ಚಿಕ್ಕವರೂ ನಿಮ್ಮ ಜೊತೆ ಆಡೋಕೆ ಒಪ್ಪುತ್ತಾರೆ. ಚಿಕ್ಕವರ ಜೊತೆ ಆಡಿದಾಗಲೇ ಪಟ್ಟು ಕಲಿಯೋದು, ಯಾಕಂದ್ರೆ ಅಲ್ಲಿ ಬಲ ಹಾಕೋಕೆ ನಿಮಗೇ ನಾಚಿಕೆಯಾಗುತ್ತೆ.

ಜಿಮ್ಮಿಗೆ ಹೋದಾಗ ಪಟ್ಟು ನೋಡೋ ಬದಲು ಮ್ಯಾಟ್ ನೋಡಿ. ಕ್ಲಾಸ್ ಮುಗಿದ ಮೇಲೆ ಒರೆಸುತ್ತಾರಾ? ಟಾಯ್ಲೆಟ್ಟಿಗೆ ಬರಿಗಾಲಲ್ಲಿ ಹೋಗಿ ಹಾಗೇ ಮ್ಯಾಟ್ ಮೇಲೆ ಬರುತ್ತಾರಾ? ನಾನು ಮೊದಲು ಹೋಗುತ್ತಿದ್ದ ಒಂದು ಜಾಗದಲ್ಲಿ ಮ್ಯಾಟ್ ಮೂಲೆ ಎತ್ತಿದರೆ ಕೂದಲು, ಬ್ಯಾಂಡೇಜು, ಏನು ಬೇಕಾದರೂ ಸಿಗುತ್ತಿತ್ತು. ಅರ್ಧ ಕ್ಲಾಸಿಗೆ ಹುಳುಕಡ್ಡಿ ಹತ್ತಿತು. ಹೇಳಿದರೆ "ಸ್ಪೋರ್ಟ್ಸ್ ಅಂದ್ರೆ ಇದೆಲ್ಲ ಇದ್ದದ್ದೇ" ಅಂದರು. ಬಿಟ್ಟು ಬಂದೆ.

ಮೈಮೇಲೆ ಗುಂಡಗೆ, ಅಂಚು ಕೆಂಪಗೆ, ತುರಿಕೆ ಇರೋ ಮಚ್ಚೆ ಕಂಡರೆ ಅದು ಫಂಗಸ್. ದಯವಿಟ್ಟು ಮೆಡಿಕಲ್ ಶಾಪಿನವರು ಕೊಡೋ ಯಾವುದೋ ಟ್ಯೂಬ್ ಹಚ್ಚಬೇಡಿ. ಅದರಲ್ಲಿ ಎಷ್ಟೋ ಟ್ಯೂಬಿಗೆ ಸ್ಟೀರಾಯ್ಡ್ ಸೇರಿಸಿರುತ್ತಾರೆ. ಎರಡು ದಿನ ತುರಿಕೆ ನಿಲ್ಲುತ್ತೆ, ಆಮೇಲೆ ಮಚ್ಚೆ ಇನ್ನೂ ಅಗಲ ಆಗುತ್ತೆ, ಆಕಾರವೇ ಬದಲಾಗಿ ಡಾಕ್ಟರಿಗೂ ಗುರುತು ಸಿಗೋದು ಕಷ್ಟ. ಚರ್ಮದ ಡಾಕ್ಟರಿಗೇ ತೋರಿಸಿ. ವಾಸಿಯಾಗೋ ತನಕ ಕ್ಲಾಸಿಗೆ ಹೋಗಬೇಡಿ. ನೋ-ಗಿಯಲ್ಲಿ ಚರ್ಮಕ್ಕೆ ಚರ್ಮ ಉಜ್ಜುತ್ತೆ, ಅದಕ್ಕೇ ಮೈಗಂಟಿದ ಉದ್ದ ತೋಳಿನ ಅಂಗಿ, ಅಂದರೆ ರ‍್ಯಾಶ್‌ಗಾರ್ಡ್ ಒಳ್ಳೇದು. ಚಡ್ಡಿಗೆ ಜೇಬು, ಜಿಪ್ಪು ಇರಬಾರದು, ಯಾರದೋ ಬೆರಳು ಸಿಕ್ಕಿಕೊಳ್ಳುತ್ತೆ. ಕೈಕಾಲಿನ ಉಗುರು ಕತ್ತರಿಸಿ, ಉಂಗುರ, ಕರಿಮಣಿ, ದಾರ ಎಲ್ಲ ತೆಗೆದಿಟ್ಟು ಹೋಗಿ. ಕ್ಲಾಸ್ ಮುಗಿದ ಕೂಡಲೇ ಸ್ನಾನ. ದಾರಿಯಲ್ಲಿ ಮಸಾಲೆ ದೋಸೆ ತಿಂದು ಆಮೇಲೆ ಮನೆಗೆ, ಅದು ಬೇಡ.

ಕನ್ನಡಕ ತೆಗೆದಿಡಿ. ಅಷ್ಟು ಹತ್ತಿರ ಇದ್ದಾಗ ನೋಡೋದೇನೂ ಇರೋದಿಲ್ಲ. ಆದರೆ ಕೋಚ್ ಪಟ್ಟು ತೋರಿಸುವಾಗ ಮುಂದೆ ಹೋಗಿ ನಿಂತುಕೊಳ್ಳಿ, ಇಲ್ಲಾಂದ್ರೆ ಎಡಗೈ ಯಾವುದು ಬಲಗೈ ಯಾವುದು ಅಂತ ಗೊತ್ತಾಗೋದಿಲ್ಲ.

ಬ್ಯಾಡಗಿ ಮೆಣಸು:

ಎಲ್ಲರಿಗೂ ಥ್ಯಾಂಕ್ಸ್. ಫ್ರೀ ಕ್ಲಾಸಿಗೆ ಹೋಗಿ ಬಂದೆ. ಮುರುಕು ಕಿವಿಯವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಡೆಯಿತು. ಇಬ್ಬರನ್ನ ಕಲಾಜಂಗ್ (ಹೆಗಲ ಮೇಲೆ ಹೊತ್ತು ಎಸೆಯೋ ಕುಸ್ತಿ ಪಟ್ಟು) ಹಾಕಿ ಕೆಡವಿದೆ, ಕೋಚ್ ಕಣ್ಣರಳಿಸಿ ನೋಡಿದರು. ಆಮೇಲೆ ಒಬ್ಬ ನನ್ನನ್ನ ಕೆಳಗೆ ಹಾಕಿದ. ಓದಿದ್ದು ನೆನಪಿದೆ, ಬೋರಲು ತಿರುಗಬಾರದು ಅಂತ ಗೊತ್ತಿದೆ, ಆದರೂ ಮೈ ತಾನಾಗಿಯೇ ತಿರುಗಿತು. ಕತ್ತಿಗೆ ಕೈ ಬಂತು. ತಟ್ಟಿದೆ.

ನೆಲದಲ್ಲಿ ಸೊಂಟ ಜರುಗಿಸಿಕೊಂಡು ಹಿಂದಕ್ಕೆ ಹೋಗೋ ಒಂದು ಕಸರತ್ತು ಮಾಡಿಸಿದರು. ಒಂದು ಕಾಲು ಊರಿ, ಪಕ್ಕಕ್ಕೆ ಹೊರಳಿ, ಕುಂಡಿ ಹಿಂದಕ್ಕೆ ತಳ್ಳಬೇಕು. ಎಲ್ಲರೂ ಮ್ಯಾಟಿನ ಆ ತುದಿ ಮುಟ್ಟಿದರು, ನಾನು ಇದ್ದಲ್ಲೇ ಗಿರಗಿರ ತಿರುಗುತ್ತಿದ್ದೆ.

ಇನ್ನೆರಡು ಪ್ರಶ್ನೆ. ಕೊನೆಗೆ ಒಬ್ಬ ಹುಡುಗ ನನ್ನ ಪಾದ ಕಂಕುಳಲ್ಲಿ ಇಟ್ಟುಕೊಂಡು ಹಿಮ್ಮಡಿ ತಿರುವೋಕೆ ಹೋದ, ಕೋಚ್ ಕೂಗಿ ಬಿಡಿಸಿದರು. ಯಾಕೆ ಅಷ್ಟು ಗಾಬರಿ? ನೋವೇ ಆಗಲಿಲ್ಲವಲ್ಲ. ಇನ್ನೊಂದು, ಬೆಳಗ್ಗೆ ಎದ್ದಾಗ ಕತ್ತು ಪಕ್ಕಕ್ಕೆ ತಿರುಗಲಿಲ್ಲ. ಇದು ಮಾಮೂಲಾ?

ಮುರುಕು ಕಿವಿ:

ಒಳ್ಳೇ ಕೋಚ್, ಅಲ್ಲೇ ಇರಿ. ಅದು ಹೀಲ್ ಹುಕ್. ಪಾದ ತಿರುವಿದರೂ ಪೆಟ್ಟು ಬೀಳೋದು ಮಂಡಿಗೆ. ನೋವು ಗೊತ್ತಾಗೋ ಹೊತ್ತಿಗೆ ಲಿಗಮೆಂಟ್ ಹೋಗಿರುತ್ತೆ. ಕೈ ತಿರುವಿದರೆ ಮೊದಲು ನೋವು ಬರುತ್ತೆ, ತಟ್ಟೋಕೆ ಟೈಮ್ ಇರುತ್ತೆ. ಇದರಲ್ಲಿ ಆ ಟೈಮ್ ಇಲ್ಲ. ಈ ನೆಲದ ಪಟ್ಟುಗಳು ಹೆಚ್ಚಾಗಿ ಬಂದ ಬ್ರೆಜಿಲಿಯನ್ ಜೂಜಿತ್ಸುವಿನ ದೊಡ್ಡ ಫೆಡರೇಷನ್ ಐಬಿಜೆಜೆಎಫ್ ಕೂಡ 2021ರಲ್ಲಿ ಇದನ್ನ ಒಪ್ಪಿದ್ದು ನೋ-ಗಿ ಆಡೋ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್ ವಯಸ್ಕರಿಗೆ ಮಾತ್ರ. ಹಿಮ್ಮಡಿ ಸಿಕ್ಕಿತು ಅನಿಸಿದರೆ ನೋವಿಗೆ ಕಾಯಬೇಡಿ, ತಟ್ಟಿ. ಕೈ ಎರಡೂ ಸಿಕ್ಕಿಕೊಂಡಿದ್ದರೆ ಬಾಯಲ್ಲಿ "ಟ್ಯಾಪ್" ಅಂತ ಜೋರಾಗಿ ಹೇಳಿ. ಗಾಬರಿಯಲ್ಲಿ ಉಲ್ಟಾ ದಿಕ್ಕಿಗೆ ಉರುಳಬೇಡಿ, ನಿಮ್ಮ ಮಂಡಿಯನ್ನ ನೀವೇ ತಿರುಚಿಕೊಂಡ ಹಾಗಾಗುತ್ತೆ.

ತಟ್ಟೋದು ನಮ್ಮ ಕಡೆಯವರಿಗೆ ಕಷ್ಟ, ಗೊತ್ತು. ಪೈಲ್ವಾನ್ ಮನೆತನ, ಕಾಕಾ ಏನಂತಾರೋ. 1951ರಲ್ಲಿ ಬ್ರೆಜಿಲ್‌ನ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಭುಜ ತಿರುಚೋ ಪಟ್ಟು ಹಾಕಿದಾಗ ಬ್ರೆಜಿಲಿಯನ್ ಜೂಜಿತ್ಸು ಕಟ್ಟಿದವರಲ್ಲಿ ಒಬ್ಬರಾದ ಹೀಲಿಯೊ ಗ್ರೇಸಿ ತಟ್ಟಲೇ ಇಲ್ಲ. ಕೈ ಹೋಯಿತು, ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದು ನಿಲ್ಲಿಸಿದರು. ಜನ ಇವತ್ತಿಗೂ ಹೊಗಳುತ್ತಾರೆ. ಸರಿ, ಹೊಗಳಲಿ. ಅವರಿಗೆ ಮರುದಿನ ಬೆಳಗ್ಗೆ ಮೀಟಿಂಗ್ ಇರಲಿಲ್ಲ. ನಿಮಗೆ ಇದೆ.

ಧಾರವಾಡ ಫಿಸಿಯೊ:

ಕತ್ತಿನ ವಿಷಯಕ್ಕೆ ನಾನು ಬರೀತೀನಿ. ಹೊಸಬರಿಗೆ ಎರಡು ಮೂರು ದಿನ ಕತ್ತು ಬಿಗಿಯೋದು ಸಹಜ, ಅದರಲ್ಲೂ ಇಡೀ ದಿನ ಲ್ಯಾಪ್‌ಟಾಪಿಗೆ ಬಗ್ಗಿ ಕೂರೋರಿಗೆ. ತಲೆ ಎಳೆದಾಗೆಲ್ಲ ಕತ್ತಿನ ಸ್ನಾಯು ಎದುರು ನಿಲ್ಲುತ್ತೆ. ಆದರೆ ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ, ಕೈಯಲ್ಲಿ ಲೋಟ ಹಿಡಿಯೋಕೆ ಬಲ ಇಲ್ಲ ಅನಿಸಿದರೆ ಕ್ಲಾಸ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬಿಪಿ ನೋಡಿಸಿದ್ದೀರಾ? ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಾದರೆ ಡಾಕ್ಟರನ್ನ ಕೇಳದೆ ಮ್ಯಾಟ್ ಹತ್ತಬೇಡಿ.

ಇನ್ನು ಕಿವಿ. ಉಜ್ಜಿ ಉಜ್ಜಿ ಕಿವಿ ಊದಿ, ಮುಟ್ಟಿದರೆ ಮೆತ್ತಗೆ ನೀರು ತುಂಬಿದ ಹಾಗಾದರೆ ಅದು ಒಳಗೆ ರಕ್ತ ಸೇರಿರೋದು. ಕೆಲವೇ ದಿನದೊಳಗೆ ಇಎನ್‌ಟಿ ಡಾಕ್ಟರ್ ಹತ್ತಿರ ತೆಗೆಸಿ, ಒತ್ತಿ ಪಟ್ಟಿ ಕಟ್ಟಿಸಿಕೊಳ್ಳಬೇಕು. ಬಿಟ್ಟರೆ ಗಟ್ಟಿಯಾಗಿ ಹಾಗೇ ಉಳಿಯುತ್ತೆ. ಕ್ಲಾಸಿನ ಹುಡುಗರು ಸಿರಿಂಜ್ ತಂದು ತಾವೇ ಚುಚ್ಚಿಕೊಳ್ಳೋದು ನೋಡಿದ್ದೀನಿ, ಆ ಕೆಲಸ ಮಾತ್ರ ಬೇಡ. ಹೆಂಡತಿಗೆ ಕಿವಿ ಬಗ್ಗೆ ಮೊದಲೇ ಹೇಳಿಡಿ. ಮುರುಕು ಕಿವಿಯವರಿಗೆ ಅದೊಂದು ಬಿರುದು, ಎಲ್ಲರ ಮನೆಯಲ್ಲೂ ಹಾಗಿರೋದಿಲ್ಲ.

ತುಮಕೂರು ಎಕ್ಸ್‌ಪ್ರೆಸ್:

ನನ್ನ ಅಭಿಪ್ರಾಯ ಬೇರೆ. ಮೊದಲು ಗಿ ಹಾಕಿಕೊಂಡು ಒಂದು ವರ್ಷ ಕಲಿಯಿರಿ. ಬಟ್ಟೆ ಹಿಡಿತ ಇದ್ದಾಗ ಆಟ ನಿಧಾನ ಆಗುತ್ತೆ, ಯೋಚನೆ ಮಾಡೋಕೆ ಟೈಮ್ ಸಿಗುತ್ತೆ. ಬೆಲ್ಟ್ ಸಿಗುತ್ತೆ, ಮುಂದೆ ಹೋಗಿದ್ದೀವಿ ಅಂತ ಗೊತ್ತಾಗುತ್ತೆ. ನೋ-ಗಿ ಹುಡುಗರ ಆಟ, ಜಾರಾಟ, ಓಟ. 37ಕ್ಕೆ ಸರಿ ಹೋಗೋದಿಲ್ಲ.

ಮುರುಕು ಕಿವಿ:

ಬೇರೆಯವರಿಗಾದರೆ ಒಪ್ಪುತ್ತಿದ್ದೆ. ಇವರಿಗೆ ಬೇಡ. ಕುಸ್ತಿ ಹಿಡಿತ ಕೈಯಲ್ಲಿದೆ, ಆ ಕತ್ತಿನ ಪಟ್ಟಿ ಹಿಡಿದು ಉಸಿರು ಕಟ್ಟಿಸೋ ಲೋಕ ಇವರಿಗೆ ಪೂರ್ತಿ ಹೊಸದು. ಗಿಯಲ್ಲಿ ಇವರ ಬಲ ಅರ್ಧಕ್ಕೆ ಇಳಿಯುತ್ತೆ. ಅಲ್ಲದೆ ಮನೆ ಹತ್ತಿರ ಇರೋದೇ ನೋ-ಗಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಂಜೆ ಏಳಕ್ಕೆ ಊರಾಚೆ ಹೋಗಿ ಕಲೀತೀನಿ ಅಂದವರು ಎರಡನೇ ತಿಂಗಳು ಕಾಣೋದಿಲ್ಲ. ಹತ್ತಿರದ ಕ್ಲಾಸೇ ಒಳ್ಳೇ ಕ್ಲಾಸ್. ಇನ್ನು ಹುಡುಗರ ಆಟ ಅನ್ನೋದು, ಜೋರಾಗಿ ಆಡೋ ಹುಡುಗರ ಜೊತೆ ಆಡದಿದ್ದರಾಯಿತು. "ಇವತ್ತು ಕತ್ತು ನೋವು, ನಿಧಾನಕ್ಕೆ ಆಡೋಣ" ಅಂತ ಮೊದಲೇ ಹೇಳಿ. ಒಪ್ಪದವನ ಜೊತೆ ಆಡಬೇಡಿ. ಐದು ನಿಮಿಷದ ರೌಂಡ್ ಬಿಟ್ಟು ಕೂತರೆ ಯಾರೂ ಏನೂ ಅನ್ನೋದಿಲ್ಲ.

ಬ್ಯಾಡಗಿ ಮೆಣಸು:

ಒಂದು ತಿಂಗಳಿಗೆ ದುಡ್ಡು ಕಟ್ಟಿದೆ. ಮನೆಯಲ್ಲಿ ಎರಡು ಷರತ್ತು ಹಾಕಿ ಒಪ್ಪಿಗೆ ಸಿಕ್ಕಿದೆ. ಕಿವಿ ಊದಿದರೆ ಅವತ್ತೇ ಡಾಕ್ಟರ್, ಮತ್ತು ಬೆವರಿನ ಬಟ್ಟೆ ನಾನೇ ಒಗೆಯಬೇಕು. ಬಿಪಿ ನೋಡಿಸಿದೆ, ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ ತಿಂಗಳು ಬಿಟ್ಟು ಬನ್ನಿ, ವ್ಯಾಯಾಮ ಮಾಡಬಹುದು ಅಂದರು ಡಾಕ್ಟರ್.

ಕೋಚ್ ಮುಂದಿನ ಪಂದ್ಯಕ್ಕೆ ಹೆಸರು ಕೊಡಿ ಅಂತಿದ್ದಾರೆ, ನಿಮ್ಮ ಕಲಾಜಂಗ್ ಚೆನ್ನಾಗಿದೆ ಅಂತ. ಕೊಡಲಾ?

ಮುರುಕು ಕಿವಿ:

ಈಗಲೇ ಬೇಡ. ಬೆನ್ನು ಹಿಡಿದವನಿಂದ ಬಿಡಿಸಿಕೊಳ್ಳೋದು ಬರಲಿ ಮೊದಲು. ಹಿಂದಿನಿಂದ ಕತ್ತಿಗೆ ಬಂದ ಕೈಯನ್ನ ಎರಡೂ ಕೈಯಿಂದ ಎದೆಗೆ ಎಳೆದು ಹಿಡಿಯೋದು, ಭುಜ ನೆಲಕ್ಕೆ ಜಾರಿಸೋದು, ಸೊಂಟ ತಿರುಗಿಸಿ ಎದುರಾಗೋದು. ಕೋಚ್ ಹತ್ತಿರ ಕೇಳಿ, ಪ್ರತಿ ಕ್ಲಾಸಿನ ಕೊನೆಗೆ ಒಬ್ಬನನ್ನ ಬೆನ್ನ ಮೇಲೆ ಕೂರಿಸಿಕೊಂಡೇ ರೌಂಡ್ ಶುರು ಮಾಡಿ. ನಾಲ್ಕು ತಿಂಗಳು ಇದನ್ನೇ ಮಾಡಿ, ಆಮೇಲೆ ಹೆಸರು ಕೊಡಿ. ತೂಕ 77ಕ್ಕೆ ಇಳಿಸಿದರೆ ಇನ್ನೂ ಒಳ್ಳೇದು. ಆಗ ನಿಮ್ಮ ಎದುರು ನಿಲ್ಲೋರಿಗೆ ಕಷ್ಟ ಇದೆ.